ಕಿನ್ನಾಳದ ಗೊಂಬೆಯೋ, ಸಂಡೂರಿನ ಕಸೂತಿಯೋ, ಕರಿಕಂಬಳಿಯೋ?

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಕೈಕೆಲಸದ ವಸ್ತು ಕೊಳ್ಳಲು ಹೊರಟವರು ಮೊದಲು ಕೇಳುವುದು ರೇಟು. ಅದು ಮೂರನೆಯ ಪ್ರಶ್ನೆ ಆಗಬೇಕು. ಮೊದಲನೆಯದು, ನಿಮ್ಮ ಕೈಯಲ್ಲಿ ಎಷ್ಟು ದಿನ ಇದೆ? ಎರಡನೆಯದು, ತಂದ ವಸ್ತುವನ್ನು ಎಲ್ಲಿ ಇಡುತ್ತೀರಿ? ಅದಕ್ಕೆ ನೀರು ತಾಗುತ್ತದೆಯೋ, ಬಿಸಿಲು ಬೀಳುತ್ತದೆಯೋ, ಮಕ್ಕಳ ಕೈ ಸೇರುತ್ತದೆಯೋ? ಈ ಎರಡಕ್ಕೂ ಉತ್ತರ ಸಿಕ್ಕರೆ ಏನು ಕೊಳ್ಳಬೇಕು, ಯಾರ ಹತ್ತಿರ ಕೊಳ್ಳಬೇಕು ಅನ್ನುವುದು ಅರ್ಧ ತೀರ್ಮಾನವಾದಂತೆ. ನಾಳೆಯೇ ಗೃಹಪ್ರವೇಶ ಇದ್ದರೆ ಕಿನ್ನಾಳಕ್ಕೆ ಓಡಿ ಪ್ರಯೋಜನವಿಲ್ಲ. ಎರಡು ತಿಂಗಳು ಇದ್ದರೆ ಅಂಗಡಿಯಲ್ಲಿ ಮಿಕ್ಕಿದ್ದನ್ನು ಆರಿಸುವ ಅಗತ್ಯವೂ ಇಲ್ಲ.

ಕಿನ್ನಾಳ: ಕಾಯುವವರಿಗೆ

ಕೊಪ್ಪಳ ಪೇಟೆಯಿಂದ ಹನ್ನೆರಡು-ಹದಿಮೂರು ಕಿಲೋಮೀಟರ್ ದೂರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಮರದ ಮೂರ್ತಿ, ದೇವರ ವಾಹನ, ಮುಖವಾಡ, ಪಲ್ಲಕ್ಕಿ, ತೊಟ್ಟಿಲು ಮಾಡುತ್ತವೆ. ಈ ಕೆಲಸಕ್ಕೆ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಇದೆ. ಇಡೀ ಗೊಂಬೆಯನ್ನು ಒಂದೇ ಮರದ ತುಂಡಿನಲ್ಲಿ ಕೆತ್ತುತ್ತಾರೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಹಗುರವಾದ ಪೊಳಕಿ ಮರದಲ್ಲಿ ಕೈ, ಕಾಲು, ತಲೆ, ಮುಂಡಗಳನ್ನು ಬೇರೆ ಬೇರೆ ಕಡೆದು ಅಂಟಿನಿಂದ ಕೂಡಿಸುತ್ತಾರೆ. ಆಮೇಲೆ ಬರುವುದು ಕಿಟ್ಟ. ಗೋಣಿಚೀಲದ ಚಿಂದಿಯನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಹಾಗೂ ಹುಣಸೆ ಬೀಜದ ಅಂಟಿನೊಂದಿಗೆ ಕಲಸಿದ ಮುದ್ದೆ ಅದು. ಮೈಮೇಲೆಲ್ಲ ಕಿಟ್ಟ ಮೆತ್ತಿ, ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಮತ್ತೆ ಹುಣಸೆ ಅಂಟಿನಿಂದಲೇ ಹಚ್ಚುತ್ತಾರೆ. ಅದರ ಮೇಲೆ ಕಲ್ಲುಪುಡಿಯ ಲೇಪ ಕೊಡುತ್ತಾರೆ. ಬಣ್ಣ ಕೂಡುವುದು ಈ ಲೇಪದ ಮೇಲೆ. ಸರ, ಕಿರೀಟ, ಡಾಬು ಉಬ್ಬಿ ಕಾಣುವುದಕ್ಕೂ ಗೋಂದು ಸೇರಿಸಿದ ಕಲ್ಲುಪುಡಿಯೇ ಕಾರಣ.

ಒಂದೊಂದು ಪದರವೂ ಒಣಗಿದ ಮೇಲೆಯೇ ಮುಂದಿನದು. ಮಳೆಗಾಲದಲ್ಲಿ ಇದು ಇನ್ನೂ ನಿಧಾನ. ಅವಸರ ಮಾಡಿಸಿದರೆ ಏನಾಗುತ್ತದೆ ಎಂಬುದು ಕೂಡಲೇ ಗೊತ್ತಾಗುವುದಿಲ್ಲ. ಮೂರ್ನಾಲ್ಕು ತಿಂಗಳ ಮೇಲೆ ಕತ್ತಿನ ಸುತ್ತ, ತೋಳಿನ ಕೂಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಒಳಗೆ ಹಸಿಯಾಗಿದ್ದ ಮರ ಒಣಗಿ ಕುಗ್ಗುತ್ತದೆ, ಮೇಲಿನ ಗಟ್ಟಿ ಲೇಪ ಅದರ ಜೊತೆ ಕುಗ್ಗುವುದಿಲ್ಲ. ಹಾಗಾಗಿ ಕಲಾವಿದರು ಒಂದು ತಿಂಗಳು ಕೇಳಿದರೆ ಒಂದೂವರೆ ತಿಂಗಳು ಕೊಡುವುದೇ ಲೇಸು.

ಕೊಳ್ಳುವಾಗ ನೋಡಬೇಕಾದದ್ದು ಹೀಗಿದೆ. ಗೊಂಬೆಯನ್ನು ಕೈಯಲ್ಲಿ ಎತ್ತಿ. ಗಾತ್ರಕ್ಕೆ ಹೋಲಿಸಿದರೆ ಹಗುರ ಅನ್ನಿಸಬೇಕು. ಅಚ್ಚಿಗೆ ಸುರಿದ ಪ್ಲಾಸ್ಟರ್ ಗೊಂಬೆ ಭಾರವಾಗಿ, ಮುಟ್ಟಿದರೆ ತಣ್ಣಗಿರುತ್ತದೆ, ಬದಿಗಳಲ್ಲಿ ಅಚ್ಚು ಕೂಡಿದ ಗೆರೆ ಇರುತ್ತದೆ. ಬುಡವನ್ನು ತಿರುಗಿಸಿ ನೋಡಿ, ಅಲ್ಲಿ ಬಣ್ಣ ಇಲ್ಲದಿದ್ದರೆ ಮರದ ನಾರು ಕಾಣುತ್ತದೆ. ಒಂದೇ ನಮೂನೆಯ ನಾಲ್ಕು ಗೊಂಬೆಗಳನ್ನು ಪಕ್ಕಪಕ್ಕ ಇಟ್ಟಾಗ ಹುಬ್ಬಿನಿಂದ ಬೆರಳಿನವರೆಗೆ ನಾಲ್ಕೂ ಒಂದೇ ಆಗಿದ್ದರೆ ಅವು ಅಚ್ಚಿನವು. ಕೈಕೆಲಸದಲ್ಲಿ ಕಣ್ಣುಗಳಂತೂ ಬೇರೆ ಬೇರೆ ಬಂದೇ ಬರುತ್ತವೆ.

ಎಲ್ಲಿ ಇಡಬಾರದು ಎಂಬುದು ಹುಣಸೆ ಬೀಜದಿಂದಲೇ ತಿಳಿಯುತ್ತದೆ. ಆ ಅಂಟು ನೀರಿಗೆ ಬಿಡುತ್ತದೆ, ಹುಳಕ್ಕೆ ರುಚಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣ ಮೆತ್ತನೆ ಬ್ರಷ್ ಸಾಕು. ಅಡುಗೆಮನೆಯ ಆವಿ ಬಡಿಯುವ ದೇವರ ಗೂಡು, ಅಭಿಷೇಕ ಮಾಡುವ ಪೀಠ ಇದಕ್ಕೆ ಜಾಗವಲ್ಲ. ಪೂಜೆಗೆ ನೀರು ಹಾಕುವ ಮೂರ್ತಿ ಬೇಕಿದ್ದರೆ ಕಲ್ಲಿನದೋ ಲೋಹದ್ದೋ ಕೊಳ್ಳಿ.

ಇನ್ನೊಂದು ಮಾತು. ಎರಡು ವರ್ಷದ ಕೂಸಿಗೆ ಆಟಕ್ಕೆ ಕೊಡಲು ಕಿನ್ನಾಳದ ಗೊಂಬೆ ಸರಿಯಲ್ಲ. ಹೆಸರಿಗೆ ಗೊಂಬೆಯಾದರೂ ಅದು ನೋಡುವ ವಸ್ತು. ಈಗ ಬಹಳಷ್ಟು ಕೆಲಸಕ್ಕೆ ಪೇಟೆಯ ಬಣ್ಣವೇ ಬಳಕೆಯಾಗುತ್ತದೆ, ಕೂಸು ಬಾಯಿಗೆ ಹಾಕಿಕೊಂಡರೆ ಒಳ್ಳೆಯದಲ್ಲ. ಆಟಕ್ಕೇ ಬೇಕಿದ್ದರೆ ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ ತರಿಸಿ. ನಮ್ಮ ಜಿಲ್ಲೆಯದೇ ಆಗಬೇಕೆಂಬ ಅಭಿಮಾನ ಮಗುವಿನ ಬಾಯಿಗಿಂತ ದೊಡ್ಡದಲ್ಲ.

ಸಂಡೂರಿನ ಲಂಬಾಣಿ ಕಸೂತಿ: ದೂರ ಕಳಿಸುವವರಿಗೆ

ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇರುವ ಮಗಳಿಗೆ ಏನಾದರೂ ಕಳಿಸಬೇಕೆಂದರೆ ಮೊದಲ ಆಯ್ಕೆ ಇದೇ. ಮಡಚಬಹುದು, ಒಡೆಯುವುದಿಲ್ಲ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಮರ, ತೊಗಲು, ಗಿಡದ ನಾರಿನ ವಸ್ತುಗಳನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಿ ತಪಾಸಣೆ ಮಾಡಿಸಬೇಕು. ಹತ್ತಿಬಟ್ಟೆಯ ಕಸೂತಿಗೆ ಆ ತಲೆನೋವು ಕಡಿಮೆ. ಕವಡೆ, ಗರಿ ಹಚ್ಚಿದ ತುಂಡನ್ನು ಮಾತ್ರ ಬಿಟ್ಟುಬಿಡಿ.

ಸಂಡೂರು ಲಂಬಾಣಿ ಕಸೂತಿಗೂ ಜಿಐ ಟ್ಯಾಗ್ ಇದೆ. ಸಂಡೂರಿನ ಕುಶಲ ಕಲಾ ಕೇಂದ್ರದಲ್ಲಿ ತಾಂಡಾಗಳ ಹೆಣ್ಣುಮಕ್ಕಳು ಮಾಡಿದ ಕೆಲಸ ಸಿಗುತ್ತದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಇದೇ ಕೇಂದ್ರದ 450ಕ್ಕೂ ಹೆಚ್ಚು ಕುಶಲಕರ್ಮಿಗಳು ಮಾಡಿದ 1,755 ವಸ್ತುಗಳನ್ನು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಮಾಡಲಾಯಿತು.

ಹೊಲಿಗೆಗಳಿಗೆ ಅವರದೇ ಹೆಸರುಗಳಿವೆ: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ಡೋರಾ, ರೇಲೊ, ಗದ್ರಿ, ಪೋಟೆ, ಜೋಲ್ಯಾ, ನಾಕ್ರಾ, ಹೀಗೆ ಎಲ್ಲ ಸೇರಿ ಹದಿನಾಲ್ಕು. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಆದರೆ ಒಂದು ತುಂಡು ಕೈಗೆ ತೆಗೆದುಕೊಂಡು ‘ಇದರಾಗ ಯಾವ್ಯಾವ ಹೊಲಿಗಿ ಅದಾವ್ರೀ’ ಎಂದು ಮಾರುವವರನ್ನು ಕೇಳಿ ನೋಡಿ. ಹೊಲಿದವರಾದರೆ ಬೆರಳಿಟ್ಟು ತೋರಿಸುತ್ತಾರೆ. ಮಾರಾಟಕ್ಕಷ್ಟೇ ತಂದವರು ‘ಎಲ್ಲಾ ಹ್ಯಾಂಡ್‌ವರ್ಕ್ ಸರ್’ ಅನ್ನುತ್ತಾರೆ.

ಪರೀಕ್ಷೆ ಯಾವಾಗಲೂ ಹಿಂಭಾಗದಿಂದ. ಬಟ್ಟೆ ತಿರುವಿದಾಗ ಅಲ್ಲಲ್ಲಿ ಗಂಟು, ಒಂದು ಹೂವಿನಿಂದ ಇನ್ನೊಂದಕ್ಕೆ ಜಿಗಿದ ದಾರ, ಸ್ವಲ್ಪ ಏರುಪೇರು ಕಂಡರೆ ಅದು ಕೈಹೊಲಿಗೆ. ಮೇಲೆ ಐದು ಬಣ್ಣವಿದ್ದೂ ಹಿಂದೆ ಉದ್ದಕ್ಕೂ ಒಂದೇ ಬಿಳಿ ದಾರ ಓಡಿದ್ದರೆ ಅದು ಮಷಿನ್ನಿನದು, ಕೆಳಗಿನ ಬಾಬಿನ್ ದಾರ ಅದು. ಕನ್ನಡಿಯ ಸುತ್ತ ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿ. ಕೈಕೆಲಸದಲ್ಲಿ ದಾರವನ್ನು ಕನ್ನಡಿಯ ಮೇಲೆ ಅಡ್ಡಡ್ಡ ಹಾಯಿಸಿ, ಆ ಚೌಕಟ್ಟಿಗೆ ಸುತ್ತ ಹೊಲಿಗೆ ಕಟ್ಟಿರುತ್ತಾರೆ. ಅಂಟು ಹಚ್ಚಿ ಕೂರಿಸಿದ ಪ್ಲಾಸ್ಟಿಕ್ ಬಿಲ್ಲೆ ಎರಡು ಒಗೆತಕ್ಕೆ ಉದುರುತ್ತದೆ. ಕೊನೆಗೆ ಬಿಳಿ ಕರವಸ್ತ್ರದ ಮೂಲೆ ಒದ್ದೆ ಮಾಡಿ ಕೆಂಪು, ಕಂದು ಭಾಗದ ಮೇಲೆ ಉಜ್ಜಿ. ಬಣ್ಣ ಹತ್ತಿದರೆ ಅದನ್ನು ಒಗೆಯುವ ವಸ್ತುವಾಗಿ ಕೊಳ್ಳಬೇಡಿ, ಗೋಡೆಗೆ ತೂಗುಹಾಕಲು ಬೇಕಿದ್ದರೆ ಕೊಳ್ಳಿ.

ಲಂಬಾಣಿ ಹೆಂಗಸರ ಹಳೆಯ ಪೇಟಿಯಾ (ಲಂಗ), ಕಾಂಚಳಿ (ರವಿಕೆ) ಕತ್ತರಿಸಿ ಮಾಡಿದ ಚೀಲ, ದಿಂಬಿನ ಚೀಲಗಳೂ ಮಾರಾಟಕ್ಕೆ ಬರುತ್ತವೆ. ಅವುಗಳ ಕೆಲಸ ಹೊಸದಕ್ಕಿಂತ ದಟ್ಟವಾಗಿರುತ್ತದೆ, ಕಣ್ಣಿಗೆ ಚೆಂದ. ಆದರೆ ಬಟ್ಟೆ ಬೆವರಿಗೆ ಸವೆದಿರುತ್ತದೆ, ಲೋಹದ ಬಿಲ್ಲೆಗಳ ಸುತ್ತ ತುಕ್ಕಿನ ಕಲೆ ಇರುತ್ತದೆ. ದಿನಾ ಹೆಗಲಿಗೆ ಹಾಕುವ ಚೀಲಕ್ಕೆ ಹೊಸ ಕೆಲಸ, ಚೌಕಟ್ಟು ಹಾಕಿಸಲು ಹಳೆಯ ಕೆಲಸ, ಇದು ನಮ್ಮ ಲೆಕ್ಕ. ಎರಡನ್ನೂ ತಣ್ಣೀರಲ್ಲಿ ಶಾಂಪೂ ಅಥವಾ ಅಂಟುವಾಳ ಹಾಕಿ ಕೈಯಲ್ಲೇ ಅದ್ದಿ ತೆಗೆದು, ಒಳಮೈ ಹೊರಗೆ ಮಾಡಿ ನೆರಳಲ್ಲಿ ಒಣಗಿಸಬೇಕು. ಹಿಂಡಿದರೆ ಕನ್ನಡಿಯ ಅಂಚು ದಾರವನ್ನು ಕೊಯ್ಯುತ್ತದೆ.

ಕಂಬಳಿ: ನೆಲಕ್ಕೆ ಕೂರುವವರಿಗೆ

ಬಳ್ಳಾರಿ ಎಂಬುದು ಕುರಿಯ ತಳಿಯೊಂದರ ಹೆಸರೂ ಹೌದು. ಅದರ ಉಣ್ಣೆ ಒರಟು, ಬಣ್ಣ ಕಪ್ಪು, ಬೂದು, ಬಿಳಿ ಮಿಶ್ರ. ಕುರುಬರ ಮನೆಗಳ ಕುಣಿಮಗ್ಗದಲ್ಲಿ ನೇಯುವ ಕರಿಕಂಬಳಿಗೆ ಬೇಕಾದದ್ದು ಇಂಥ ಉಣ್ಣೆಯೇ. ನೇಯುವ ಮೊದಲು ಹಾಸಿನ ನೂಲು ಬಲವಾಗಲೆಂದು ಗಂಜಿ ಹಚ್ಚುತ್ತಾರೆ. ಅದೂ ಹುಣಸೆ ಬೀಜದ್ದೇ. ಹೊಸ ಕಂಬಳಿ ಹಲಗೆಯಂತೆ ಬಿರುಸಾಗಿ, ಒಂದು ಬಗೆಯ ವಾಸನೆ ಬರುವುದು ಅದರಿಂದ. ‘ಇದೇನು ಗಟ್ಟಿ, ಚುಚ್ಚುತ್ತದೆ’ ಎಂದು ಬಿಟ್ಟು ಬರುವವರು ಒಳ್ಳೆಯದನ್ನೇ ಬಿಟ್ಟು ಬರುತ್ತಾರೆ. ಬಳಸುತ್ತ ಹೋದಂತೆ ಗಂಜಿ ಬಿಟ್ಟು ಮೆದುವಾಗುತ್ತದೆ. ಆದರೂ ರೇಷ್ಮೆಯಂತಾಗುತ್ತದೆ ಎಂದು ಕಾಯಬೇಡಿ, ಒರಟುತನ ಅದರ ಹುಟ್ಟುಗುಣ. ಎಳೆ ಕೂಸಿನ ಮೈಗೆ ಬೇಡ. ಹಾಸಲು, ಪೂಜೆಗೆ ಕೂರಲು, ಮಳೆಯಲ್ಲಿ ಕೊಪ್ಪೆ ಹಾಕಿಕೊಳ್ಳಲು ಅದಕ್ಕೆ ಸಾಟಿಯಿಲ್ಲ.

ಪೇಟೆಯಲ್ಲಿ ‘ಉಣ್ಣೆ ಕಂಬಳಿ’ ಎಂದು ಸಿಗುವ ಬಹುಪಾಲು ಮೆತ್ತನೆಯ, ಚೌಕಳಿ ಹೊದಿಕೆಗಳು ಕಾರ್ಖಾನೆಯವು. ಪಾಣಿಪತ್ ಅದಕ್ಕೆ ಹೆಸರಾದ ಊರು. ವ್ಯತ್ಯಾಸ ತಿಳಿಯಲು ಅಂಚಿನಿಂದ ಒಂದೆಳೆ ಕೇಳಿ ಪಡೆದು ಸುಟ್ಟು ನೋಡಿ. ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಉಳಿಯುವುದು ಬೆರಳಲ್ಲಿ ಪುಡಿಯಾಗುವ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕಪ್ಪು ಬಣ್ಣ ಕುರಿಯದೋ ಡಬ್ಬಿಯದೋ ಎಂಬುದಕ್ಕೆ ಮತ್ತದೇ ಒದ್ದೆ ಕರವಸ್ತ್ರ. ಕುರಿಯ ಕಪ್ಪು ಬಟ್ಟೆಗೆ ಹತ್ತುವುದಿಲ್ಲ. ಅದು ಹಚ್ಚ ಕಪ್ಪೂ ಅಲ್ಲ, ಬಿಸಿಲಿಗೆ ಹಿಡಿದರೆ ಕಂದು ಛಾಯೆ ಕಾಣುತ್ತದೆ.

ವರ್ಷಕ್ಕೆರಡು ಸಲ ಬಿಸಿಲಿಗೆ ಹಾಕಿ ಕೊಡವಿ. ಬೇವಿನ ಒಣ ಎಲೆ ಸೇರಿಸಿ ಮಡಚಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ನಿಂತು ಹುಳ ಬೀಳುತ್ತದೆ.

ತೊಗಲುಗೊಂಬೆ: ಕೇಳಿ ಕೊಳ್ಳಬೇಕಾದದ್ದು

ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ತೊಗಲುಗೊಂಬೆಯಾಟವನ್ನು ದೇಶಕ್ಕೆಲ್ಲ ಪರಿಚಯಿಸಿದವರು. 2023ರಲ್ಲಿ ತೀರಿಕೊಂಡರು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಈ ಹೆಸರುಗಳಿಂದಾಗಿ ತೊಗಲುಗೊಂಬೆ ಕೇಳಿಕೊಂಡು ಬರುವವರು ಇದ್ದಾರೆ. ಆದರೆ ಇದು ಉಳಿದವುಗಳಂತೆ ಮಾರಾಟಕ್ಕಾಗಿಯೇ ಹುಟ್ಟಿದ ವಸ್ತುವಲ್ಲ, ಆಟದ ಸಾಮಾನು. ಮನೆತನದಲ್ಲಿ ತಲೆಮಾರಿನಿಂದ ಬಂದ ಗೊಂಬೆಯನ್ನು ‘ಎಷ್ಟಕ್ಕೆ ಕೊಡ್ತೀರಿ’ ಎಂದು ಕೇಳುವುದು ಗಾಯಕರ ತಂಬೂರಿಯನ್ನು ಕೇಳಿದ ಹಾಗೆ. ಹೊಸದೊಂದು ಮಾಡಿಕೊಡುತ್ತೀರಾ ಎಂದು ಕೇಳಿ. ಅದು ಅವರಿಗೂ ಮರ್ಯಾದೆ, ನಿಮಗೂ ಕ್ಷೇಮ. ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹಳೆಯ ಗೊಂಬೆ ಜಿಂಕೆ ಚರ್ಮದ್ದಾಗಿದ್ದರೆ ವನ್ಯಜೀವಿ ಕಾಯ್ದೆಯೂ ಸೇರಿಕೊಳ್ಳುತ್ತದೆ.

ಈಗಿನ ಗೊಂಬೆ ಆಡಿನ ತೊಗಲಿನದು. ಕೂದಲು ತೆಗೆದು, ಎಳೆದು ಕಟ್ಟಿ ಒಣಗಿಸಿ, ಬೆಳಕು ಹಾಯುವಷ್ಟು ತೆಳುವಾಗಿ ಕೆರೆದು, ಉಳಿಗಳಿಂದ ತೂತು ಹೊಡೆದು, ಎರಡೂ ಮೈಗೆ ಬಣ್ಣ ಕೊಟ್ಟಿರುತ್ತಾರೆ. ಹಾಗಾಗಿ ಮೇಜಿನ ಮೇಲಿಟ್ಟು ನೋಡಿ ಆರಿಸಬೇಡಿ, ಮೊಬೈಲ್ ಟಾರ್ಚನ್ನು ಹಿಂದೆ ಹಿಡಿಯಿರಿ. ಬಣ್ಣ ಸಮನಾಗಿ ಹೊಳೆಯಬೇಕು, ತೂತುಗಳ ಅಂಚು ಚೊಕ್ಕವಾಗಿರಬೇಕು. ಒಂದೆಡೆ ಮಬ್ಬು ಕಂಡರೆ ಅಲ್ಲಿ ತೊಗಲು ದಪ್ಪ ಉಳಿದಿದೆ ಎಂದರ್ಥ, ಮಳೆಗಾಲದಲ್ಲಿ ಆ ಭಾಗ ಬೇರೆ ರೀತಿ ಸುರುಳಿಯಾಗುತ್ತದೆ. ತೊಗಲಿನ ದೀಪದ ಗೂಡು ಬೇಕಿದ್ದರೆ ಅದು ಹೆಚ್ಚಾಗಿ ಆಂಧ್ರದ ನಿಮ್ಮಲಕುಂಟದ ಕಡೆಯ ಕೆಲಸ. ಅದೂ ಕೈಕೆಲಸವೇ, ಚೆಂದವೂ ಹೌದು. ಆದರೆ ‘ಬಳ್ಳಾರಿಯದು’ ಎಂದು ಹೆಚ್ಚು ಕೊಡಬೇಕಾಗಿಲ್ಲ. ಒಳಗೆ ಎಲ್‌ಇಡಿ ಮಾತ್ರ ಹಾಕಿ. ಹಳೆಯ ಬಿಸಿ ಬಲ್ಬಿಗೆ ತೊಗಲು ಸೆಟೆದು ಕುಗ್ಗುತ್ತದೆ. ಗೋಡೆಗೆ ಚೌಕಟ್ಟು ಹಾಕಿಸುವಾಗ ಗಾಜು ತೊಗಲಿಗೆ ತಾಗದಂತೆ ನಡುವೆ ಸಂದು ಬಿಡಿಸಿ. ಸುಕ್ಕು ತೆಗೆಯಲು ಇಸ್ತ್ರಿ ಹಾಕುವ ಯೋಚನೆ ಬಂದರೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ.

ಕಡಿಮೆ ದಿನ, ಕಡಿಮೆ ದುಡ್ಡು

ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ಬಾಳೆನಾರಿನ ಬುಟ್ಟಿ, ಚೀಲ, ಚಾಪೆ ಮಾಡುತ್ತಾರೆ. ಶಮಾ ಪವಾರ್ 1997ರಲ್ಲಿ ಆರಂಭಿಸಿದ ಕಿಷ್ಕಿಂದಾ ಟ್ರಸ್ಟ್ ಈ ಕೆಲಸಕ್ಕೆ ರೂಪ ಕೊಟ್ಟಿತು. ಬಾಳೆ ಕೊಯ್ದ ಮೇಲೆ ಉಳಿಯುವ ದಿಂಡಿನ ಪಟ್ಟೆ ಒಣಗಿಸಿ, ಸೀಳಿ, ಹುರಿ ಮಾಡಿ ಹೆಣೆಯುತ್ತಾರೆ. ಹುರಿ ಎಲ್ಲೆಡೆ ಒಂದೇ ದಪ್ಪ ಇದೆಯೇ, ಹಿಡಿಕೆ ಬುಡದವರೆಗೆ ಹೆಣೆದಿದೆಯೋ ಬಾಯಂಚಿಗಷ್ಟೇ ಹೊಲಿದಿದೆಯೋ ನೋಡಿ. ಭಾರ ಹೊರಿಸಿದಾಗ ಕಿತ್ತು ಬರುವುದು ಎರಡನೆಯದು. ಮೂಸಿ ನೋಡುವುದನ್ನು ಮರೆಯಬೇಡಿ. ಮುಗ್ಗಲು ವಾಸನೆ ಇದ್ದರೆ ಸರಿಯಾಗಿ ಒಣಗಿಲ್ಲ, ಮನೆಗೆ ತಂದ ಮೇಲೆ ಬೂಷ್ಟು ಹಿಡಿಯುತ್ತದೆ. ಹತ್ತು ಜನರಿಗೆ ಒಂದೊಂದು ಚಿಕ್ಕ ಉಡುಗೊರೆ ಕೊಡಬೇಕಿದ್ದರೆ ಇದಕ್ಕಿಂತ ಹಗುರವಾದದ್ದು ಇಲ್ಲ.

ರಾಯಚೂರಿನವರು ‘ನಮ್ಮಲ್ಲೇನಿದೆ’ ಎಂದು ಕೇಳುತ್ತಾರೆ. ಬೇಸಿಗೆಯಲ್ಲಿ ಬೀದಿ ಬದಿಗೆ ಬರುವ ಕುಂಬಾರರ ಹರವಿ, ಗಡಿಗೆ ಕೈಕೆಲಸವಲ್ಲವೇ? ನಲವತ್ತು ಡಿಗ್ರಿ ದಾಟುವ ಊರಲ್ಲಿ ಅದಕ್ಕಿಂತ ಉಪಯೋಗದ ಕಲೆ ಯಾವುದು? ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ ಅನ್ನಬೇಕು. ಮಂದ ಸದ್ದು ಬಂದರೆ ಕೂದಲು ಬಿರುಕೋ, ಅರೆಬೆಂದದ್ದೋ. ಹೊರಗೆ ಬಣ್ಣ, ವಾರ್ನಿಷ್ ಬಳಿದದ್ದು ಬೇಡ. ನೀರು ಮಣ್ಣಿನ ರಂಧ್ರದಿಂದ ಹೊರಗೆ ಜಿನುಗಿ ಆರುವಾಗಲೇ ಒಳಗಿನ ನೀರು ತಣ್ಣಗಾಗುತ್ತದೆ. ಬಣ್ಣ ಆ ರಂಧ್ರ ಮುಚ್ಚುತ್ತದೆ. ತಂದ ದಿನ ಇಡೀ ನೀರು ತುಂಬಿಸಿಟ್ಟು ಚೆಲ್ಲಿ, ಮರುದಿನದಿಂದ ಕುಡಿಯಿರಿ. ನಮ್ಮ ಕಡೆಯ ಬೋರ್ ನೀರಿನ ಉಪ್ಪು ರಂಧ್ರಗಳಲ್ಲಿ ಕಟ್ಟಿಕೊಳ್ಳುವುದರಿಂದ ಎರಡು-ಮೂರು ಬೇಸಿಗೆಗೆ ತಂಪು ಕಡಿಮೆಯಾಗುತ್ತದೆ. ಆಗ ಗಿಡ ನೆಡಿ, ಹೊಸದು ತನ್ನಿ.

ಹಳೆಯ ಬಟ್ಟೆ ಪದರ ಸೇರಿಸಿ ಹೊಲಿಯುವ ಹೊದಿಕೆ ಕೌದಿ, ಅದಕ್ಕೆ ಸಾಮಗ್ರಿ ನಿಮ್ಮ ಮನೆಯದೇ. ಹಳೆಯ ಹತ್ತಿ ಸೀರೆ ಐದಾರು ಕೊಟ್ಟರೆ ಹೊಲಿದುಕೊಡುವವರು ಮೂರೂ ಜಿಲ್ಲೆಗಳ ಓಣಿಗಳಲ್ಲಿ ಇದ್ದಾರೆ. ನಡುವೆ ಒಂದೇ ಒಂದು ಪಾಲಿಯೆಸ್ಟರ್ ಸೀರೆ ಸೇರಿಸಿದರೂ ಒಗೆದಾಗ ಹತ್ತಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ, ಕೌದಿ ಗುಳ್ಳೆ ಏಳುತ್ತದೆ. ಇಳಕಲ್ ಸೀರೆಯ ವಿಷಯ ಬೇರೆಯೇ ಬರೆಯುವಷ್ಟಿದೆ. ಕುಷ್ಟಗಿ ಕಡೆಯ ಮಗ್ಗದ್ದನ್ನು ಕೊಳ್ಳುವವರು ಮೈ ಮತ್ತು ಸೆರಗು ಕೂಡುವ ಜಾಗದಲ್ಲಿ ಕೊಂಡಿ ಹಾಕಿದ ಗೆರೆ ಇದೆಯೇ ಎಂದು ಹುಡುಕಿದರೆ ಸದ್ಯಕ್ಕೆ ಸಾಕು.

ಯಾರ ಹತ್ತಿರ ಕೊಳ್ಳುವುದು

ಮಾಡುವವರ ಮನೆಗೇ ಹೋದರೆ ಅಳತೆ, ಬಣ್ಣ, ದೇವರ ಭಂಗಿ ಎಲ್ಲ ನಿಮ್ಮ ಇಷ್ಟದಂತೆ ಮಾಡಿಸಬಹುದು. ದುಡ್ಡು ನೇರ ಅವರ ಕೈಗೆ ಹೋಗುತ್ತದೆ. ಆದರೆ ರಸೀದಿ, ಬದಲಾವಣೆ, ಕೊರಿಯರ್ ವ್ಯವಸ್ಥೆ ಇರಲಿಕ್ಕಿಲ್ಲ. ಹಬ್ಬ, ಜಾತ್ರೆ, ಸುಗ್ಗಿ ಬಂದರೆ ಗಡುವು ಜಾರುತ್ತದೆ. ಸಂಡೂರು, ಆನೆಗೊಂದಿಯಂಥ ಕೇಂದ್ರಗಳಲ್ಲಿ ಅಳತೆ ಒಂದೇ ಸಮ, ಬಿಲ್ಲು ಸಿಗುತ್ತದೆ, ಐವತ್ತು ಚೀಲದ ಆರ್ಡರನ್ನೂ ಹಂಚಿಕೊಂಡು ಮಾಡಿಕೊಡುತ್ತಾರೆ. ಕಚೇರಿ, ಮದುವೆ ಉಡುಗೊರೆಗೆ ಇದೇ ಸರಿ. ಸರ್ಕಾರದ ಕಾವೇರಿ ಮಳಿಗೆಯಲ್ಲಿ ಆಯ್ಕೆ ಕಡಿಮೆ, ಮೋಸದ ಭಯವೂ ಕಡಿಮೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಂಥ ಕಡೆ ಮಳಿಗೆಗಳಲ್ಲಿ ಒಟ್ಟಿಗೇ ಹತ್ತು ಬಗೆ ನೋಡಬಹುದು. ನೋಡಲು ಅಲ್ಲಿಗೆ ಹೋಗಿ, ಊರಿನ ಹೆಸರು ಕೇಳಿ ಬರೆದುಕೊಳ್ಳಿ, ದೊಡ್ಡ ಖರೀದಿಯನ್ನು ಆಮೇಲೆ ಆ ಊರಲ್ಲೇ ಮಾಡಿ. ಹಂಪಿಯ ದಾರಿಬದಿಯಲ್ಲಿ ಲಂಬಾಣಿ ಹೆಂಗಸರು ಮಾರುವ ರಾಶಿಯಲ್ಲಿ ಅವರೇ ಹೊಲಿದದ್ದೂ ಇರುತ್ತದೆ, ಹೊರಗಿನಿಂದ ತಂದ ಮಷಿನ್ ಕೆಲಸವೂ ಇರುತ್ತದೆ. ಹಿಂಭಾಗ ತಿರುವಿ ನೋಡುವುದು ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಜಿಐ ಟ್ಯಾಗ್ ಅನ್ನುವುದು ಆ ಹೆಸರನ್ನು ಯಾವ ಪ್ರದೇಶದ, ಯಾವ ವಿಧಾನದ ಕೆಲಸಕ್ಕೆ ಬಳಸಬಹುದೆಂದು ಹೇಳುತ್ತದೆ. ನಿಮ್ಮ ಕೈಯಲ್ಲಿರುವ ತುಂಡು ಚೆನ್ನಾಗಿದೆ ಎಂದು ಅದು ಹೇಳುವುದಿಲ್ಲ. ಅದನ್ನು ಕಣ್ಣೇ ನೋಡಬೇಕು.

ರೇಟು ಸರಿಯೇ ಎಂದು ತೂಗಲು ಒಂದು ಲೆಕ್ಕ ಇದೆ. ಎಷ್ಟು ದಿನದ ಕೆಲಸ ಎಂದು ಕೇಳಿ. ನಾಲ್ಕು ದಿನ ಎಂದರೆ, ದಿನಕ್ಕೆ 500 ರೂಪಾಯಿ ಕೂಲಿ ಹಿಡಿದರೂ 2,000 ಆಯಿತು. ಅದರ ಮೇಲೆ ಬಟ್ಟೆ, ದಾರ, ಬಣ್ಣ. ಆ ವಸ್ತುವನ್ನು ಯಾರಾದರೂ 600ಕ್ಕೆ ಕೊಡುತ್ತೇನೆ ಎಂದರೆ ಒಂದೋ ಅದು ಕೈಯಲ್ಲಿ ಮಾಡಿದ್ದಲ್ಲ, ಇಲ್ಲವೇ ಮಾಡಿದವರ ಹೊಟ್ಟೆಗೆ ಹೊಡೆದದ್ದು. ಚೌಕಾಸಿ ಮಾಡಲೇಬೇಕೆಂದಿದ್ದರೆ ಸಂಖ್ಯೆಯ ಮೇಲೆ ಮಾಡಿ, ಒಂದರ ಬದಲು ಮೂರು ಕೊಳ್ಳುತ್ತೇನೆ ಎನ್ನಿ.

ಆರ್ಡರ್ ಕೊಡುವಾಗ ಎತ್ತರ ಇಂಚಿನಲ್ಲಿ, ಬಣ್ಣ, ಕೊಡುವ ದಿನ, ಮುಂಗಡ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಫೋಟೊ ತೆಗೆದಿಟ್ಟುಕೊಳ್ಳಿ. ಮುಂಗಡ ಮೂರನೇ ಒಂದರಿಂದ ಅರ್ಧದವರೆಗೆ ಕೊಡಬಹುದು, ಸಾಮಗ್ರಿ ತರಲು ಅದು ಬೇಕು. ಕಿನ್ನಾಳದ ಮೂರ್ತಿಯಾದರೆ ಬಣ್ಣ ಹಚ್ಚುವ ಮೊದಲು ಒಮ್ಮೆ ಹೋಗಿ, ಇಲ್ಲವೇ ಫೋಟೊ ತರಿಸಿಕೊಂಡು ನೋಡಿ. ಮುಖ, ಕೈಯ ಅಳತೆ ತಿದ್ದುವುದಿದ್ದರೆ ಆಗಲೇ ತಿದ್ದಬೇಕು, ಬಣ್ಣ ಕೂತ ಮೇಲೆ ಆಗುವುದಿಲ್ಲ. ಮನೆಗೆ ಒಯ್ಯಲು ಹಳೆಯ ಹತ್ತಿ ಸೀರೆ ತೆಗೆದುಕೊಂಡು ಹೋಗಿ. ಹೊಸ ಬಣ್ಣದ ಮೇಲೆ ಬಬಲ್ ಶೀಟ್ ನೇರವಾಗಿ ಸುತ್ತಿದರೆ ಅದರ ಗುಳ್ಳೆಗಳ ಗುರುತು ಬಣ್ಣದಲ್ಲೇ ಮೂಡುತ್ತದೆ, ಸುದ್ದಿಪತ್ರಿಕೆ ಸುತ್ತಿದರೆ ಅಕ್ಷರ ಅಂಟುತ್ತದೆ. ಮೊದಲು ಸೀರೆ, ಅದರ ಮೇಲೆ ಬಬಲ್ ಶೀಟ್, ಆಮೇಲೆ ಡಬ್ಬ. ಚಾಚಿದ ಕೈಗಳಿಗೆ ಮಾತ್ರ ಬೇರೆ ಸುತ್ತು ಹಾಕಿಸಿ, ಬಸ್ಸಿನಲ್ಲಿ ಮೊದಲು ಮುರಿಯುವುದು ಅವೇ.